ಬೆಟ್ಟದ ಮಾತು ಬೇರೆ, ಮನೆಯ ಜಗಳ ಬೇರೆ

ಗಂಡ ಹೆಂಡತಿ ಮಾತು ಬಿಟ್ಟ ಮನೆಯಲ್ಲಿ ಫೋನ್ ಬಂದರೂ ಭಯ, ಬರದಿದ್ದರೂ ಭಯ. ಎಂಬತ್ತರ ದಶಕದಲ್ಲಿ ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಭೂವಿಜ್ಞಾನಿ ಕ್ಯಾಸ್ಮಿರ್‌ಗೂ ಹೀಗೇ ಆಗಿತ್ತು. ಹೆಂಡತಿ ರೋಸಲಿಂಡ್ ಜಗಳವಾಡಿ, ಪುಟ್ಟ ಮಗಳೊಂದಿಗೆ ಇಂಡೋನೇಷ್ಯಾಕ್ಕೆ ಹೋಗಿದ್ದರು. ಅಲ್ಲಿನ ನೂಲಿನ ಗಿರಣಿಯಲ್ಲಿ ಅವರ ಅಣ್ಣ ಫ್ರೆಡ್ಡಿಗೆ ಕೆಲಸ.

ಒಂದು ದಿನ ರೋಸಲಿಂಡ್ ಫೋನ್ ಮಾಡಿದರು. ಊರ ಹಿಂದಿನ ಜ್ವಾಲಾಮುಖಿ ಹೊಗೆಯಾಡುತ್ತಿದೆ. ಊರು ಬಿಡಿ ಎಂದು ಅಲ್ಲಿನ ಅಧಿಕಾರಿಗಳು ಹೇಳಿದ್ದಾರೆ.

"ಅಣ್ಣ ನಗಾಡ್ತಾನೆ. ನಮ್ಮ ಬಾವನೇ ಕಲ್ಲಿನ ವಿಜ್ಞಾನಿ, ಅವರು ಹೇಳಿದ್ರೆ ಮಾತ್ರ ಹೊರಡುವಾ ಅಂತಾನೆ. ಸಿಡೀತದಾ, ಇಲ್ವಾ?"

"ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಹಾಗಾದ್ರೆ ಇಲ್ಲೇ ಇರ್ತೇವೆ." ಲೈನ್ ಕಡಿಯಿತು.

ಕ್ಯಾಸ್ಮಿರ್ ತಲೆ ಹಿಡಿದು ಕುಳಿತರು. ಮೀನಿನ ಸಾರು ತಂದ ಪಕ್ಕದ ಮನೆಯ ಉಮಾವತಿ, "ಎಂತ ಆಯ್ತು ಮಾರಾಯ್ರೆ?" ಎಂದರು. ಕ್ಯಾಸ್ಮಿರ್ ಫೋನಿನಲ್ಲಿ ಬಂದ ಸುದ್ದಿ ಹೇಳಿದರು.

"ಉಮಕ್ಕ, ನಾನಿಲ್ಲಿ ನೋಡುದು ಯಾವ ಕಾಲದಲ್ಲೋ ತಣ್ಣಗಾದ ಲಾವಾ. ಆ ಬೆಟ್ಟ ಕಂಡದ್ದೇ ಇಲ್ಲ. ಹೊರಡು ಅಂತ ಹೇಳಿದ್ರೆ ಅದು ವಿಜ್ಞಾನವಾ, ಅವಳು ವಾಪಸ್ ಬರ್ಲಿ ಅನ್ನುವ ಆಸೆಯಾ, ನನಗೇ ಗೊತ್ತಾಗುದಿಲ್ಲ."

"ಆ ಬೆಟ್ಟ ಕಾಯುವವರು ಎಂತ ಹೇಳಿದ್ದಾರೆ?"

"ಊರು ಬಿಡಿ ಅಂತ."

"ಅವರಿಗೆ ನಿಮ್ಮ ಹೆಂಡತಿ ಹತ್ರ ಜಗಳ ಉಂಟಾ?"

"ಇಲ್ಲ."

"ಮತ್ತೆಂತ? ಅವರ ಮಾತು ಕೇಳ್ಲಿಕ್ಕೆ ಹೇಳಿ. ಯಲ್ಲಾ, ಬೇಗ ನಂಬರು ತಿರುಗಿಸಿ!"

ಬಹಳ ಹೊತ್ತಿಗೆ ಲೈನ್ ಸಿಕ್ಕಿತು. "ರೋಸಿ, ನನಗೆ ಗೊತ್ತಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ. ಅಲ್ಲಿಯವರು ದಿನಾ ಬೆಟ್ಟ ನೋಡ್ತಿದ್ದಾರೆ. ಅವರು ಹೇಳಿದಲ್ಲಿಗೆ ಹೋಗಿ."

"ನನ್ನನ್ನು ವಾಪಸ್ ಕರೆಸುವ ಉಪಾಯ ಅಲ್ವಾ ಇದು?"

"ಮಸ್ಕತ್ತಿಗೆ ಬರುದೇ ಬೇಡ. ಬೆಟ್ಟದಿಂದ ದೂರ ಹೋದ್ರೆ ಸಾಕು."

ರೋಸಲಿಂಡ್ ಫೋನನ್ನು ಅಣ್ಣನ ಕೈಗೆ ಕೊಟ್ಟರು. ಆಮೇಲೆ ಫ್ರೆಡ್ಡಿಯ ದನಿ: "ಬಾವ, ಹೊರಟ ಮೇಲೆ ಏನೂ ಆಗದಿದ್ರೆ?"

"ನನ್ನನ್ನು ಬೈಕೊಂಡು ಮನೆಗೆ ಹೋಗು."

ಹಿಂದಿನಿಂದ ರೋಸಲಿಂಡ್ ಹೇಳಿದ್ದು ಕೇಳಿಸಿತು. "ಅಣ್ಣ, ಮಗುವಿನ ಅಂಗಿ ತುಂಬಿಸಿ ಆಯ್ತು. ನಡಿ."

ಅವರೆಲ್ಲ ದೂರದ ಪಟ್ಟಣದ ಶಾಲೆಯೊಂದನ್ನು ಸೇರಿದ ಮೇಲೆ ಬೆಟ್ಟ ಸಿಡಿಯಿತು. ಬೂದಿಯ ಭಾರಕ್ಕೆ ಫ್ರೆಡ್ಡಿಯ ಮನೆಯ ಮಾಡು ಕುಸಿಯಿತು. ಒಳಗೆ ಯಾರೂ ಇರಲಿಲ್ಲ.

ರೋಸಲಿಂಡ್ ಮಸ್ಕತ್ತಿಗೆ ಮರಳುತ್ತಾರೋ ಇಲ್ಲವೋ, ಕ್ಯಾಸ್ಮಿರ್‌ಗೆ ಆಗಲೂ ಗೊತ್ತಾಗಲಿಲ್ಲ. ಆದರೆ ಆ ಜಗಳ ಮುಗಿಸಲು ಇಬ್ಬರೂ ಬದುಕಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಒಮಾನಿನಲ್ಲಿ ಉರಿಯುವ ಬೆಟ್ಟವಿಲ್ಲ. ಆದರೆ ಮಳೆ ಬಂದರೆ ಒಣಗಿದ ವಾದಿಯಲ್ಲಿ, ಅಂದರೆ ಹಳ್ಳದ ಪಾತ್ರದಲ್ಲಿ, ನೀರು ಒಮ್ಮೆಲೇ ನುಗ್ಗುತ್ತದೆ. ಪೊಲೀಸರು ತಡೆದರೆ ಕಾರು ತಿರುಗಿಸಿ. ಪಾಸ್‌ಪೋರ್ಟು, ಔಷಧಿ, ಕುಡಿಯುವ ನೀರು ಒಂದೇ ಚೀಲದಲ್ಲಿರಲಿ. ಮನೆ ಬಿಡಿ ಎಂದು ರೇಡಿಯೋ ಹೇಳಿದಾಗ ದೂರದ ನೆಂಟರ ಅಭಿಪ್ರಾಯ ಕೇಳುತ್ತ ಕೂರಬೇಡಿ. ಮೊದಲು ಹೊರಡಿ. ಫೋನ್ ಆಮೇಲೆ ಮಾಡಿದರಾಯಿತು.