ಕೋಟಿನ ಒಳಮಡಿಕೆ

"ಉಸಿರು ಬಿಡು," ಅಂದಳು ಅಕ್ಕ, ತಮ್ಮ ತೊಟ್ಟ ಕೋಟಿನ ಅಳತೆ ಹಿಡಿಯುತ್ತಾ.

"ಬಿಟ್ರೆ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಕೊಡ್ತೀಯಾ?" ಅಂದ ತಮ್ಮ.

ಅಕ್ಕ ನಾಟಕ ಕಂಪನಿಯ ದರ್ಜಿ. ತಮ್ಮ ಅದರ ನಾಯಕ. ಎಂದೋ ಸತ್ತ ರಾಕ್ ಅಂಡ್ ರೋಲ್ ಗಾಯಕನೊಬ್ಬನ ಬಾಳನ್ನು ಊರಿಂದೂರಿಗೆ ಹೊತ್ತೊಯ್ದು ಹಾಡಿ ಕುಣಿದು ತೋರಿಸುವುದು ಅವರ ಕಸುಬು. ಪೋಸ್ಟರಿನಲ್ಲಿ ಗಾಯಕನಿಗೆ 'ದಂತಕಥೆ' ಎಂಬ ಬಿರುದಿತ್ತು. ಬಸ್ಸಿನಲ್ಲಿ ಅದು ತಮ್ಮನ ಅಡ್ಡಹೆಸರಾಗಿತ್ತು.

ಕೆಂಪು ಸ್ಯಾಟಿನ್ ಕೋಟು, ಭುಜದ ತುಂಬ ಚಮಕಿ. ಪ್ರತಿ ಊರಿನಲ್ಲೂ ಅಕ್ಕ ಅದರ ಪಕ್ಕೆಗಳನ್ನು ಇನ್ನಷ್ಟು ಒಳಗೆ ಹಿಡಿದು ಹೊಲಿಯುತ್ತಿದ್ದಳು. ತಮ್ಮನ ಹೊಟ್ಟೆಯೊಳಗಿನ ಗಡ್ಡೆ ಅವನ ಪಾಲಿನ ಊಟವನ್ನೂ ಅವನನ್ನೂ ತಿನ್ನುತ್ತಿತ್ತು. ಕಂಪನಿಯಲ್ಲಿ ಬೇರಾರಿಗೂ ಇದು ಗೊತ್ತಿರಲಿಲ್ಲ. ಮ್ಯಾನೇಜರಿಗೆ ಗೊತ್ತಾದರೆ ವೇಷ ಅಂದೇ ಸ್ಟೆಪ್ನಿಯ ಪಾಲು. ಸ್ಟೆಪ್ನಿ ಎಂದರೆ ಬದಲಿ ನಟ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಪಂಕ್ಚರಿಗೆ ಕಾಯುವವನೆಂದು ತಮ್ಮನೇ ಇಟ್ಟ ಹೆಸರು.

"ಡಾಕ್ಟರು ಹೇಳಿದ್ದು ನೆನಪಿದ್ಯಾ?"

ತಮ್ಮ ಡಾಕ್ಟರ ದನಿಯನ್ನು ಮೂಗಿನಲ್ಲಿ ಅಣಕಿಸಿದ. "ಕುಣಿತ ಬಿಡಬೇಕು. ಕೂಗಾಟ ಬಿಡಬೇಕು. ಸುಮ್ಮನೆ ಮಲಗಬೇಕು." ಮತ್ತೆ ತನ್ನ ದನಿಗೆ ಇಳಿದು, "ಅಂದ್ರೆ ಸಾಯೋಕೆ ಮುಂಚೆ ರಿಹರ್ಸಲ್ ಮಾಡ್ಬೇಕಂತೆ," ಅಂದ.

ಮ್ಯಾನೇಜರ್ ಬಣ್ಣದ ಕೋಣೆಯ ಬಾಗಿಲಲ್ಲಿ ತಲೆ ತೂರಿಸಿದ. "ಏನಯ್ಯಾ ದಂತಕಥೆ, ಸೊಂಟ ಹುಡುಗನ ಥರ ಆಗಿದೆ! ಏನ್ ಕಸರತ್ತು?"

"ಊಟ ಬಿಟ್ಟಿದ್ದೀನಿ ಸಾರ್."

"ಹಾಗೇ ಮುಂದುವರಿಸು!"

ಅವನು ಹೋದ ಮೇಲೆ ತಮ್ಮ ಕೋಟಿನ ಪಕ್ಕೆಯನ್ನು ತಡವಿ ನೋಡಿದ.

"ಅಕ್ಕಾ, ಒಳಗೆ ಇಷ್ಟೊಂದು ಬಟ್ಟೆ ಯಾಕೆ ಮಡಚಿಟ್ಟಿದ್ದೀಯಾ? ಮೂಳೆಗೆ ಒತ್ತುತ್ತೆ. ಕತ್ತರಿಸಿ ಹಾಕು."

"ಬೇಕಾಗುತ್ತೆ. ನಾಳೆ ನೀನು ದಪ್ಪ ಆಗಲ್ವಾ?"

"ನನಗೆ ಅಂತ ಬಿಟ್ಟಿದ್ದೀಯೋ, ಸ್ಟೆಪ್ನಿಗೆ ಅಂತ ಬಿಟ್ಟಿದ್ದೀಯೋ?"

ಅಕ್ಕ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ದರ್ಜಿಗಳಿಗೆ ಉತ್ತರ ತಪ್ಪಿಸಿಕೊಳ್ಳಲು ಇದೊಂದು ಅನುಕೂಲ.

"ಕತ್ತರಿಸೇ. ಇನ್ನೊಬ್ಬನಿಗೆ ಈ ಕೋಟು ಆಗಬಾರದು." ಈ ಸಲ ಯಾರ ದನಿಯೂ ಅಲ್ಲ, ಅವನದೇ.

ಅಕ್ಕ ಅವನ ಬೆನ್ನ ಹಿಂದೆ ಹೋಗಿ, ಚೀಲದಿಂದ ಅದೇ ಕೆಂಪಿನ ಹಳೆಯ ಚೂರೊಂದನ್ನು ತೆಗೆದು ಕಿವಿಗೆ ಕೇಳುವಂತೆ ಕತ್ತರಿಯಾಡಿಸಿದಳು. ತುಂಡುಗಳನ್ನು ಅವನ ಅಂಗೈಗೆ ಹಾಕಿದಳು. "ಆಯ್ತು. ಈಗ ಸಮಾಧಾನನಾ?"

ತಮ್ಮ ಅವನ್ನು ಜೇಬಿಗೆ ತುರುಕಿಕೊಂಡು ರಂಗಕ್ಕೆ ಹೋದ.

ಎರಡನೇ ಅಂಕದಲ್ಲಿ ಗಾಯಕ ಮಂಡಿಯೂರಿ ಹಾಡುವ ಜಾಗವಿದೆ. ತಮ್ಮ ಮಂಡಿಯೂರಿದ. ಏಳಲಿಲ್ಲ. ಜನ ಶಿಳ್ಳೆ ಹೊಡೆದರು. ಗಿಟಾರಿನವನು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸಿ ಕಾದ. ಕೊನೆಗೆ ಪರದೆ ಎಳೆದರು. ಆಸ್ಪತ್ರೆಯವರು ಕೋಟು ಬಿಚ್ಚಿ ಅಕ್ಕನ ಕೈಗಿತ್ತರು.

ಬೆಳಗ್ಗೆ ಮ್ಯಾನೇಜರ್ ಅವಳ ಮುಂದೆ ಕೈಕಟ್ಟಿ ನಿಂತ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಸಂಜೆ ಆಟ ಇದೆ. ಈ ಕೋಟನ್ನ ಸ್ಟೆಪ್ನಿಗೆ ಸರಿಮಾಡಿಕೊಡಿ."

ಅಕ್ಕ ಹೊಲಿಗೆ ಬಿಚ್ಚತೊಡಗಿದಳು. ಮಡಿಕೆಗಳು ಒಂದೊಂದಾಗಿ ಹೊರಗೆ ಬಂದವು. ಬೆವರು ಬೆಳಕು ಕಾಣದ ಆ ಬಟ್ಟೆ ಹೊಸ ಗಾಯದಂತೆ ಕೆಂಪಗಿತ್ತು. ಉಳಿದ ಕೋಟು ಮಾಸಿತ್ತು. ಯಾರಿಗೆಂದು ಬಿಟ್ಟಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಬಾಯಲ್ಲಿ ಈಗಲೂ ಗುಂಡುಸೂಜಿ.

ಸ್ಟೆಪ್ನಿ ಕೈಗಳನ್ನೆತ್ತಿ ಅಪರಾಧಿಯಂತೆ ನಿಂತಿದ್ದ. "ಪೂರ್ತಿ ಬಿಚ್ಚಬೇಡಿ ಅಕ್ಕಾ. ಬಿಗಿಯಾದ್ರೂ ನಡೆಯುತ್ತೆ. ಅಣ್ಣ ಬಂದ್ಮೇಲೆ ಮತ್ತೆ ಹಿಡೀಬೇಕಲ್ಲ."

ಅವಳು ಪೂರ್ತಿ ಬಿಚ್ಚಿದಳು.

ಆಸ್ಪತ್ರೆಯಲ್ಲಿ ತಮ್ಮ ಕಣ್ಣು ತೆರೆದ. "ಕೋಟು?"

"ಅವನಿಗೆ ಆಗಲೇ ಇಲ್ಲ. ಗುಂಡಿ ಹಾಕೋಕೆ ಹೋಗಿ ಒದ್ದಾಡಿಬಿಟ್ಟ. ಮ್ಯಾನೇಜರ್ ತಲೆ ಚಚ್ಚಿಕೊಳ್ತಿದಾರೆ."

ತಮ್ಮನ ತುಟಿ ಅರಳಿತು. ಮ್ಯಾನೇಜರನ ಗೋಳಾಟವನ್ನು ಅಣಕಿಸಲು ಹೋದ. ದನಿ ಹೊರಡಲಿಲ್ಲ.

ಆಮೇಲೆ ಅವನ ಬೆರಳು ಅಕ್ಕನ ತೋಳಿನ ಮೇಲೆ ಅಲೆದು, ಅಲ್ಲಿ ಅಂಟಿಕೊಂಡಿದ್ದ ಬಿಚ್ಚಿದ ಹೊಲಿಗೆಯ ಕೆಂಪು ನೂಲೊಂದನ್ನು ಹಿಡಿಯಿತು. ಅಕ್ಕ ಉಸಿರು ಬಿಗಿಹಿಡಿದಳು. ಅವನು ನೂಲನ್ನು ತುಂಬಾ ಹೊತ್ತು ನೋಡಿ, ಬೆರಳಿಗೆ ಸುತ್ತಿಕೊಂಡ.

"ಉಸಿರು ಬಿಡು," ಅಂದ, ಥೇಟ್ ಅಕ್ಕನ ದನಿಯಲ್ಲಿ.