ಕೇಬಲ್‌ನ ಇನ್ನೊಂದು ತುದಿ

ಪ್ರಭುರಾಜ ಕತ್ತರಿಯನ್ನು ಕೇಬಲ್‌ಗೆ ಹಚ್ಚಿಯೇ ಬಿಟ್ಟಿದ್ದ. ಕಿಟಕಿಯ ಸರಳಿನಿಂದ ಎದುರುಗೋಡೆಯ ಗೂಟದವರೆಗೆ ಸೊಂಟದೆತ್ತರಕ್ಕೆ ಬಿಗಿದಿದ್ದ ಅದು, ತೀರಿಕೊಂಡ ಸೋದರಮಾವ ಅಂದಪ್ಪನನ್ನು ಹೊರಗೆ ತರಲು ಅಡ್ಡವಾಗಿತ್ತು.

"ಕತ್ತರಿಸಬ್ಯಾಡ್ರಿ," ಎಂದ ನೆರೆಮನೆಯ ಮೆಹಬೂಬಸಾಬ. "ಎರಡು ತಿಂಗಳಿಂದ ಹೆಣಿಯಾಕತ್ತಿದ್ರು. ಇನ್ನ ಒಂದು ಗೇಣು ಉಳದೈತಿ."

ಅವನೇ ಗಂಟು ಬಿಚ್ಚಿ, ಹಸಿರು ನೂಲು ಸಡಿಲಾಗದಂತೆ ತುದಿಗೆ ದಾರ ಸುತ್ತಿ ಮೂಲೆಗಿಟ್ಟ. ಅದು ಮಿಲಿಟರಿಯ ಹಳೆಯ ರೇಡಿಯೊಗಳಿಗೆ ಕರೆಂಟು ಒಯ್ಯುವ ತಂತಿ ಎಂದು ಹೇಳಿದ. ಬಟ್ಟೆಯ ಹೊದಿಕೆ ಹರಿದುಹೋದರೆ ಅಂದಪ್ಪ ಮೊದಲಿನ ಹಾಗೆಯೇ ಹೆಣೆದುಕೊಡುತ್ತಿದ್ದನಂತೆ. ಅಂಥ ರೇಡಿಯೊ ಕೂಡಿಡುವವರು ಪುಣೆಯಿಂದಲೂ ಕಳಿಸುತ್ತಿದ್ದರಂತೆ. ಪ್ರಭುರಾಜನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮಾವನ ಹೆಂಡತಿಯ ಮಣ್ಣಿಗೆಂದು ಕುಷ್ಟಗಿಗೆ ಬಂದು ಹೋದವನು, ಆರು ವರ್ಷದ ಮೇಲೆ ಈಗಲೇ ಬಂದದ್ದು.

*

ಸೈನ್ಯದ ಸಿಗ್ನಲ್ ವಿಭಾಗದಿಂದ ನಿವೃತ್ತನಾಗಿ ಬಂದ ಅಂದಪ್ಪ ಈ ಕೆಲಸವನ್ನು ಹೆಂಡತಿ ಗುರುಲಿಂಗಮ್ಮನೊಂದಿಗೆ ಶುರುಮಾಡಿದ್ದ. ಮಕ್ಕಳಿರಲಿಲ್ಲ. ಅವಳು ದೋಟಿಹಾಳದ ನೇಕಾರರಲ್ಲಿ ನೂಲು ತಂದು ಬಣ್ಣ ಹಾಕುವಳು. ಅವನು ಹೆಣೆಯುವಾಗ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಕೂರುವಳು. ಒಂದು ಎಳೆ ತಪ್ಪಿದರೂ ಅವಳ ಕೈಗೆ ಗೊತ್ತಾಗುತ್ತಿತ್ತು. "ಬಿಚ್ಚ್ರಿ," ಎನ್ನುವಳು.

ಅವಳು ಹೋದ ಮೇಲೆ ವರ್ಷವಿಡೀ ಅವನು ನೂಲು ಮುಟ್ಟಲಿಲ್ಲ. ಆಮೇಲೆ ಗೋಡೆಗೆ ಗೂಟ ಬಡಿದ. ತಾನು ಹಿಡಿಯುತ್ತೇನೆಂದು ಮೆಹಬೂಬಸಾಬ ಮುಂದೆ ಬಂದಾಗ ಅಂದಪ್ಪ ತಲೆಯಲ್ಲಾಡಿಸಿದ.

"ಬ್ಯಾಡ್ರಿ ಸಾಹೇಬ್ರ. ನೀವು ಹಿಡದ್ರ ನಾ ಮಾತಾಡಬೇಕಾಗ್ತೈತಿ. ಗೂಟಕ್ಕ ಅದೇನೂ ಬೇಕಾಗಿಲ್ಲ."

ಆದರೆ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಮೆಹಬೂಬಸಾಬನಿಗೆ ಅವನ ದನಿ ಕೇಳಿಸಿತ್ತು: "ಇಲ್ಲಿ ತಪ್ಪೇತೇನು? ಬಿಚ್ಚಲೇನು?"

*

ಗುರುಲಿಂಗಮ್ಮನ ಸಮಾಧಿಯ ಪಕ್ಕದಲ್ಲೇ ಅಂದಪ್ಪನನ್ನು ಕೂಡಿಸಿ ವಿಭೂತಿ, ಉಪ್ಪು ಹಾಕಿ ಮಣ್ಣು ಮುಚ್ಚಿದರು. ಬಂದವರು ಹನ್ನೊಂದು ಜನ. ಮನೆಗೆ ಮರಳಿ ದೀಪ ಹಚ್ಚಿದಾಗ ಅದರ ಹಿಂದಿಡಲು ಒಂದು ಫೋಟೊ ಬೇಕಾಯಿತು. ಸೈನ್ಯದ ಕಾಲದ್ದನ್ನು ಗೆದ್ದಲು ತಿಂದಿತ್ತು. ಪ್ರಭುರಾಜ ಮಾವನ ಮೊಬೈಲು ತೆರೆದ. ಮುನ್ನೂರಕ್ಕೂ ಹೆಚ್ಚು ಚಿತ್ರಗಳು. ಕೇಬಲ್‌ನ ತುದಿ, ನಡುವು, ಹೆಣಿಗೆ. ರೇಡಿಯೊ ಕೂಡಿಡುವವರಿಗೆ ತೋರಿಸಲು ತೆಗೆದವು. ಒಂದರಲ್ಲೂ ಮನುಷ್ಯರಿಲ್ಲ.

"ನಿಮ್ಮ ಹತ್ರ ಮಾವನ ಫೋಟೊ ಐತೇನ್ರಿ?"

"ಗೋಡಿ ಒತ್ತಿಗಿದ್ವಿ," ಎಂದ ಮೆಹಬೂಬಸಾಬ. "ಒಂದಿನಾನೂ ತಗಿಲಿಲ್ಲ."

ಕೊನೆಗೆ ಮೊಬೈಲಿನಲ್ಲೇ ಒಂದು ಸಿಕ್ಕಿತು. ಬಿಸಿಲು ಬಿದ್ದ ಅಂಗಳದಲ್ಲಿ ಹಸಿರು ಕೇಬಲ್ ಹಾಸಿತ್ತು. ಅದರ ಮೇಲೆ, ಫೋಟೊ ತೆಗೆಯಲು ಬಾಗಿದ ಮನುಷ್ಯನ ಉದ್ದ ನೆರಳು.

ಪ್ರಭುರಾಜ ಮೊಬೈಲನ್ನು ದೀಪದ ಹಿಂದೆ ಗೋಡೆಗೆ ಆನಿಸಿಟ್ಟು ಕೂತ. ಪರದೆ ಮಸುಕಾದಾಗಲೆಲ್ಲ ಬೆರಳು ಚಾಚಿ ಮುಟ್ಟುತ್ತಿದ್ದ.