ಡಾಂಬರು ಕಿತ್ತ ರಸ್ತೆ

ಕೆರೆ ರಸ್ತೆಯ ಡಾಂಬರನ್ನು ಪೂರ್ತಿ ಕಿತ್ತುಹಾಕಿ ಅದನ್ನು ಮತ್ತೆ ಜಲ್ಲಿ-ಮಣ್ಣಿನ ರಸ್ತೆ ಮಾಡಬೇಕು ಎಂಬ ಟಿಪ್ಪಣಿಯನ್ನು ಪುರಸಭೆಯ ಕಾರ್ಯದರ್ಶಿ ಎದ್ದು ನಿಂತು ಓದಿದಾಗ, ಸಭೆಯಲ್ಲಿದ್ದವರು ಯಾರೂ ಅವಳ ಮುಖ ನೋಡಲಿಲ್ಲ. ಅವಳ ಮನೆ ಇದ್ದದ್ದೂ ಆ ರಸ್ತೆಯಲ್ಲೇ.

ಅಧ್ಯಕ್ಷರು ಔಷಧಿ ಅಂಗಡಿ ಇಟ್ಟುಕೊಂಡಿದ್ದವರು. ಯಾರಿಗೂ ಕಹಿ ಮಾತ್ರೆಯನ್ನು ತಾವೇ ಕೊಟ್ಟು ಅಭ್ಯಾಸವಿಲ್ಲ, ಆ ಕೆಲಸಕ್ಕೆ ಅಂಗಡಿಯಲ್ಲೂ ಬೇರೆಯವರಿದ್ದರು. ಹಿಂದಿನ ವಾರವೇ ಅವಳನ್ನು ಕೋಣೆಗೆ ಕರೆದು, "ಇದನ್ನ ನೀವೇ ಬರೀರಿ. ಆ ರಸ್ತೆಯವರೇ ಹೇಳಿದ್ರೆ ಯಾರೂ ಬಾಯಿ ಬಿಡಲ್ಲ" ಅಂದಿದ್ದರು. ಅವರ ಲೆಕ್ಕಾಚಾರ ಅವಳಿಗೆ ಅರ್ಥವಾಗದೆ ಇರಲಿಲ್ಲ. ಆದರೂ ಬರೆದಳು, ಏಕೆಂದರೆ ಅದು ಸರಿಯೆಂದೇ ಅವಳಿಗೆ ಅನಿಸಿತ್ತು. ಕೆರೆ ರಸ್ತೆಯ ಡಾಂಬರು ಹರಿದ ಅಂಗಿಯಂತಾಗಿತ್ತು. ಒಂದು ಕಡೆ ತೇಪೆ ಹಾಕಿದರೆ ಪಕ್ಕದಲ್ಲಿ ಬಾಯಿ ಬಿಡುತ್ತಿತ್ತು. ಕಳೆದ ಮಳೆಗಾಲದಲ್ಲಿ ಅಂಚೆಯವನು ಸೈಕಲ್ ಸಮೇತ ಗುಂಡಿಗೆ ಬಿದ್ದು ಕೈ ಮುರಿದುಕೊಂಡಿದ್ದ. ಜಲ್ಲಿ ರಸ್ತೆಯಾದರೆ ಪುರಸಭೆಯ ಗ್ರೇಡರ್ ಆಗಾಗ ಬಂದು ಹೆರೆದು ಸಮ ಮಾಡಿಹೋಗಬಹುದು. ಹೊಸ ಡಾಂಬರು ಹಾಕುವ ಶಕ್ತಿ ಪುರಸಭೆಗೆ ಇರಲಿಲ್ಲ. ಇಷ್ಟನ್ನೂ ಅವಳು ಸುತ್ತಿ ಬಳಸದೆ ಬರೆದಿದ್ದಳು.

ನಿರ್ಣಯ ಪಾಸಾಯಿತು. ಅವಳು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು.

ಮಾವ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಊರಿಗೆಲ್ಲ ಅವರು ರೋಲರಜ್ಜ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವ ತನಕ ಪುರಸಭೆಯ ರೋಡ್ ರೋಲರ್ ಓಡಿಸಿದವರು. ದೇಹವೂ ಹಾಗೇ ಇತ್ತು, ಮಾತೂ ಹಾಗೇ: ನಿಧಾನ, ಭಾರ, ಒಮ್ಮೆ ಹೊರಟರೆ ಎದುರಿಗಿದ್ದವರೇ ಪಕ್ಕಕ್ಕೆ ಸರಿಯಬೇಕು.

"ಯಾರು ಬರೆದಿದ್ದು ಅದನ್ನ?"

"ನಾನೇ ಮಾವ."

"ಈ ರಸ್ತೆ ಹಾಕಿದ್ದು ಯಾರು ಗೊತ್ತಾ ನಿನಗೆ?"

"ಗೊತ್ತು. ನೀವು ಹಾಕಿದಾಗ ಚೆನ್ನಾಗಿತ್ತು. ಈಗ ಇಲ್ಲ."

ಆ ಕೊನೆಯ ಮಾತನ್ನು ಬೇರೆ ರೀತಿ ಹೇಳಬಹುದಿತ್ತೇನೋ. ಆದರೆ ಅವಳಿಗೆ ಬೆಳಗಿನಿಂದ ಹೊಟ್ಟೆ ಖಾಲಿ, ತಲೆ ಸಿಡಿಯುತ್ತಿತ್ತು. ಮಾವ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿದ್ದ ಅತ್ತೆಗೆ, "ಆಫೀಸಿನವರು ಬಂದಿದ್ದಾರೆ, ನೀರು ಕೊಡು" ಅಂದರು. ಅಂದಿನಿಂದ ಅವಳ ಜೊತೆ ನೇರ ಮಾತು ನಿಂತಿತು. ಏನಿದ್ದರೂ ಅತ್ತೆಯ ಮೂಲಕ. ಸೊಸೆ ಎರಡಡಿ ದೂರದಲ್ಲಿ ಕೂತಿದ್ದರೂ, "ಫ್ಯಾನ್ ಆರಿಸು ಅಂತ ಹೇಳು ಅವಳಿಗೆ" ಎನ್ನುವರು. ಅತ್ತೆ ಮೊದಮೊದಲು ಆ ಮಾತನ್ನು ದಾಟಿಸುತ್ತಿದ್ದರು. ಆಮೇಲೆ ಬೇಸತ್ತು, "ಅವಳಿಗೂ ಕಿವಿ ಇದೆ" ಎಂದು ಸುಮ್ಮನಾಗುತ್ತಿದ್ದರು.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ಕಡೆಯವರ ನಡುವೆ ಸಿಕ್ಕಿ, ಓವರ್‌ಟೈಮ್ ಇಲ್ಲದ ದಿನವೂ ಓವರ್‌ಟೈಮ್ ಎಂದು ಹೇಳಿ ಹೊರಗೇ ಉಳಿಯತೊಡಗಿದ.

ರಸ್ತೆಯವರು ಇನ್ನೂ ಕೆಟ್ಟದಾಗಿ ನಡೆದುಕೊಂಡರು. ತಿರುವಿನಲ್ಲಿದ್ದ ಹಿಟ್ಟಿನ ಗಿರಣಿಯವನು ಅವಳ ಡಬ್ಬಿಯನ್ನು ಎಲ್ಲರದ್ದೂ ಮುಗಿಯುವ ತನಕ ಮೂಲೆಯಲ್ಲಿಡುತ್ತಿದ್ದ. ಕೇಳಿದರೆ, "ನೀವು ದೊಡ್ಡವರು ಮೇಡಂ, ಟಿಪ್ಪಣಿ ಬರೆದು ಕೊಡಿ, ಪರಿಶೀಲಿಸ್ತೀವಿ" ಎನ್ನುವನು. ಅಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವರು. ಒಂದು ಬೆಳಿಗ್ಗೆ ಅವಳ ಸ್ಕೂಟರಿನ ಸೀಟನ್ನು ಯಾರೋ ಉದ್ದಕ್ಕೆ ಬ್ಲೇಡಿನಿಂದ ಸೀಳಿದ್ದರು. ಅವಳು ಯಾರಿಗೂ ದೂರು ಕೊಡಲಿಲ್ಲ. ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅದೇ ರಸ್ತೆಯಲ್ಲಿ, ಅದೇ ಜನರೆದುರು, ಬೇಕೆಂದೇ ನಿಧಾನವಾಗಿ ಓಡಿಸಿಕೊಂಡು ಹೋದಳು. ಅವಳಿಗೂ ಹಟ ಕಡಿಮೆಯೇನಿರಲಿಲ್ಲ.

ಡಾಂಬರು ಕೀಳುವ ಯಂತ್ರ ಬಂದ ದಿನ ಅವಳು ಕಚೇರಿಯಲ್ಲಿದ್ದಳು. ಯಂತ್ರದ ಚಾಲಕನೇ ಫೋನ್ ಮಾಡಿದ. "ಮೇಡಂ, ನಿಮ್ಮ ಮಾವ ರಸ್ತೆ ಮಧ್ಯ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಹಿಂದೆ ಜನ ಇದ್ದಾರೆ. ನಾನೇನು ಮಾಡ್ಲಿ?"

ಅವಳು ಅಧ್ಯಕ್ಷರ ಕೋಣೆಗೆ ಹೋದಳು. ಅಧ್ಯಕ್ಷರು ಕನ್ನಡಕ ಒರೆಸುತ್ತಾ, "ಪೊಲೀಸರನ್ನ ಕರೆದ್ರೆ ಚೆನ್ನಾಗಿರಲ್ಲ. ನಿಮ್ಮನೆ ವಿಷಯ, ನೀವೇ ಬಗೆಹರಿಸ್ಕೊಳ್ಳಿ" ಎಂದರು.

ರಸ್ತೆಯಲ್ಲಿ ಬಿಸಿಲು ಸುಡುತ್ತಿತ್ತು. ಊಟದ ಮೇಜಿನ ಕೈಯಿರುವ ಕುರ್ಚಿಯನ್ನೇ ಮಾವ ತಂದು ಹಾಕಿಕೊಂಡಿದ್ದರು. ಯಂತ್ರದ ಕಬ್ಬಿಣದ ಹಲ್ಲುಗಳಿಗೂ ಅವರ ಮೊಣಕಾಲಿಗೂ ನಡುವೆ ಒಬ್ಬರು ಮಲಗುವಷ್ಟು ಜಾಗ. ಗಿರಣಿಯವನು ಹಿಂದೆ ನಿಂತು ಕೊಡೆ ಹಿಡಿದಿದ್ದ.

"ಮಾವ, ಏಳಿ."

ಮಾವ ಕುರ್ಚಿಗೆ ಇನ್ನಷ್ಟು ಒರಗಿ ಕೂತರು.

"ಇದು ಸಭೆಯ ತೀರ್ಮಾನ. ನೀವು ಕೂತ್ರೆ ಇವತ್ತು ನಿಲ್ಲುತ್ತೆ, ನಾಳೆ ಮತ್ತೆ ಬರುತ್ತೆ."

ಮಾವ ಗಿರಣಿಯವನ ಕಡೆ ತಿರುಗಿ, "ನಾಳೇನೂ ಕೂರ್ತೀನಿ ಅಂತ ಹೇಳು" ಎಂದರು.

ಜನ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಅವಳ ಗಂಡ ಡಿಪೋದಿಂದ ಓಡಿಬಂದಿದ್ದ, ಜೊತೆಗೆ ಅವನ ತಮ್ಮನೂ ಇದ್ದ. ಅವಳು ಅವರಿಬ್ಬರನ್ನು ಪಕ್ಕಕ್ಕೆ ಕರೆದು, "ಕುರ್ಚಿ ಸಮೇತ ಎತ್ತಿ. ಮೈ ಮುಟ್ಟಬೇಡಿ" ಅಂದಳು.

"ಅಪ್ಪನ್ನ ಎತ್ತೋದಾ?" ಎಂದ ಗಂಡ.

"ನೀವು ಎತ್ತದಿದ್ರೆ ಪೊಲೀಸರು ಎತ್ತುತ್ತಾರೆ. ಅವರು ಕುರ್ಚಿ ಸಮೇತ ಎತ್ತಲ್ಲ."

ಗಂಡನೂ ಮೈದುನನೂ ಎರಡು ಕಡೆಯಿಂದ ಕುರ್ಚಿ ಹಿಡಿದು ಎತ್ತಿದರು. ಮಾವ ಪ್ರತಿಭಟಿಸಲಿಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ನೇರವಾಗಿ ಮುಂದೆ ನೋಡುತ್ತಾ, ಹಾಗೇ ಗಾಳಿಯಲ್ಲಿ ಬದಿಗೆ ಸಾಗಿದರು. ಒಂದು ಚಪ್ಪಲಿ ಕಾಲಿನಿಂದ ಜಾರಿ ರಸ್ತೆಯಲ್ಲೇ ಬಿತ್ತು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವನ ಕಡೆಯವರೇ. ಆ ನಗು ಕೇಳಿದ ಮಾವ ಕತ್ತು ತಿರುಗಿಸಿ ಸೊಸೆಯನ್ನು ನೋಡಿದರು. ರಸ್ತೆ ಹೋದದ್ದಕ್ಕೆ ಅವರು ಎಂದಾದರೂ ಸಮಾಧಾನ ಮಾಡಿಕೊಂಡಾರು, ಈ ನಗುವಿಗೆ ಮಾತ್ರ ಇಲ್ಲ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಅವಳೇ ಹೋಗಿ ಚಪ್ಪಲಿ ಎತ್ತಿಕೊಂಡು ಬಂದು ಅವರ ಕಾಲ ಬಳಿ ಇಟ್ಟಳು. ಅವರು ಹಾಕಿಕೊಳ್ಳಲಿಲ್ಲ. ಬರಿಗಾಲಲ್ಲೇ ಮನೆಗೆ ನಡೆದರು.

ಯಂತ್ರದ ಹಲ್ಲು ಊರಿದ್ದೇ ತಡ, ಡಾಂಬರು ಹಳೆ ಗಾಯದ ಹಕ್ಕಳೆಯಂತೆ ಎದ್ದು ಬಂತು.

ಆಮೇಲಿನದು ಧೂಳಿನ ಕಾಲ. ಬಟ್ಟೆ ಒಣಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಅತ್ತೆ ದಿನಕ್ಕೆ ಎಷ್ಟು ಸಲ ಗುಡಿಸಿದರೂ ನೆಲದ ಮೇಲೆ ಕಾಲಿನ ಗುರುತು ಮೂಡುತ್ತಿತ್ತು. ಆಗಾಗ ಬರಬೇಕಿದ್ದ ಗ್ರೇಡರ್ ಕೆಟ್ಟು ಶೆಡ್ಡಿನಲ್ಲಿ ನಿಂತಿತ್ತು. ಅದರ ಬಿಡಿಭಾಗಕ್ಕಾಗಿ ಅವಳು ಓಡಾಡುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಧೂಳು ಮಾತ್ರ.

ಚುನಾವಣೆ ಬಂದಾಗ ರೋಲರಜ್ಜ ಆ ವಾರ್ಡಿನಿಂದ ನಿಂತರು. ಗಿರಣಿಯವನು ಮನೆಮನೆಗೆ ಕರೆದೊಯ್ದ. ಅಜ್ಜ ಹೆಚ್ಚು ಮಾತಾಡಲಿಲ್ಲ. "ನನ್ನನ್ನ ಎತ್ತಿ ಬದಿಗೆ ಹಾಕಿದ್ದನ್ನ ನೋಡಿದ್ದೀರಿ. ಇನ್ನೇನು ಹೇಳ್ಲಿ" ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದರು. ಎದುರಾಳಿಗೆ ಠೇವಣಿಯೂ ಉಳಿಯಲಿಲ್ಲ.

ಪ್ರಮಾಣವಚನ ಬೋಧಿಸುವ ಕೆಲಸ ಕಾರ್ಯದರ್ಶಿಯದು. ಅವಳು ಒಂದೊಂದೇ ಸಾಲು ಹೇಳಬೇಕು, ಸದಸ್ಯರು ಅದನ್ನೇ ತಿರುಗಿ ಹೇಳಬೇಕು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾವ ಮುಂದೆ ಬಂದು ನಿಂತರು. ಆ ಅಂಗಿಗೆ ಬೆಳಿಗ್ಗೆ ಇಸ್ತ್ರಿ ಮಾಡಿದವಳೂ ಅವಳೇ.

"ನಾನು, ಈ ಪುರಸಭೆಯ ಸದಸ್ಯನಾಗಿ," ಎಂದಳು.

ಅತ್ತೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಾವನ ಕಣ್ಣು ಒಮ್ಮೆ ಅತ್ತ ಹೋಯಿತು. ಇಲ್ಲಿ ಮಾತು ದಾಟಿಸುವವರು ಯಾರೂ ಇರಲಿಲ್ಲ.

"ನಾನು, ಈ ಪುರಸಭೆಯ ಸದಸ್ಯನಾಗಿ," ಎಂದರು ಗಂಟಲು ಸರಿಮಾಡಿಕೊಂಡು.

"ಭಯವಾಗಲಿ ಪಕ್ಷಪಾತವಾಗಲಿ ಇಲ್ಲದೆ,"

"ಭಯವಾಗಲಿ," ಎಂದು ಅವರು ಒತ್ತಿ ಹೇಳಿದರು, "ಪಕ್ಷಪಾತವಾಗಲಿ ಇಲ್ಲದೆ."

ಅಂದಿನಿಂದ ಮನೆಯಲ್ಲಿ ಮೌನ, ಸಭೆಯಲ್ಲಿ ಮಾತು. "ಕಾರ್ಯದರ್ಶಿಗಳೇ, ಎದ್ದು ನಿಂತು ಉತ್ತರಿಸಿ" ಎನ್ನುವರು. ಅವಳು ನಿಲ್ಲುವಳು. "ಗ್ರೇಡರ್ ಶೆಡ್ಡಲ್ಲಿ ಮೊಟ್ಟೆ ಇಡ್ತಾ ಇದೆಯಾ?" ಎನ್ನುವರು. "ಬಿಡಿಭಾಗ ಬಂದಿಲ್ಲ, ಸದಸ್ಯರೇ." "ಬಿಡಿಭಾಗ ಇಲ್ಲದಿರೋದು ಗ್ರೇಡರ್‌ಗೋ ನಿಮ್ಮ ಆಡಳಿತಕ್ಕೋ?" ಅವರು ಬಿಡುತ್ತಿರಲಿಲ್ಲ. ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳುವರು, ಅವಳು ಕೂರಲು ಹೋದಾಗ ನಾಲ್ಕನೆಯದನ್ನು ಎಸೆಯುವರು. ಉಳಿದ ಸದಸ್ಯರಿಗೆ ಇದು ಪುಕ್ಕಟೆ ನಾಟಕ. ಅವಳೂ ಹಲ್ಲು ಕಚ್ಚಿ, ಕೇಳಿದ್ದಕ್ಕೆ ಮಾತ್ರ, ಒಂದು ಪದವೂ ಹೆಚ್ಚಾಗದಂತೆ ಉತ್ತರಿಸುವಳು. ಸಭೆ ಮುಗಿದ ಮೇಲೆ ಅವರು ಗಿರಣಿಯವನ ವ್ಯಾನಿನಲ್ಲಿ, ಅವಳು ಸ್ಕೂಟರಿನಲ್ಲಿ, ಒಂದೇ ಮನೆಗೆ ಹೋಗುವರು.

ಮಳೆಗಾಲ ಹತ್ತಿರವಾದಾಗ ಮಾವ ನಿರ್ಣಯ ಮಂಡಿಸಿದರು: ಕೆರೆ ರಸ್ತೆಗೆ ಡಾಂಬರು ಹಾಕಬೇಕು.

"ಹಾಕಬಹುದು," ಎಂದಳು ಅವಳು. "ಆದ್ರೆ ಈ ವರ್ಷ ಪೇಟೆ ಬೀದಿ ಕೈಬಿಡಬೇಕು. ಎರಡೂ ಆಗಲ್ಲ."

"ಬಿಡಿ ಪೇಟೆ ಬೀದಿ," ಎಂದರು ಮಾವ.

ಪೇಟೆ ಬೀದಿಯಲ್ಲಿ ಅಧ್ಯಕ್ಷರ ಔಷಧಿ ಅಂಗಡಿಯಿತ್ತು. ಆದರೆ ಮತ್ತೆ ಅಧ್ಯಕ್ಷರಾಗಿದ್ದರೂ ಈ ಸಲ ಅವರ ಕುರ್ಚಿ ಗಟ್ಟಿಯಿರಲಿಲ್ಲ. ಸದಸ್ಯರು ಸಮಸಮ ಒಡೆದಿದ್ದರು, ಮಾವನ ಕೈ ಯಾವ ಕಡೆ ಎದ್ದರೆ ಆ ಕಡೆಯೇ ಗೆಲ್ಲುತ್ತಿತ್ತು. ಅಧ್ಯಕ್ಷರು ಸಭೆಯನ್ನು ಅಲ್ಲಿಗೇ ನಿಲ್ಲಿಸಿ ಮಾವನನ್ನೂ ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದ ಗಿರಣಿಯವನನ್ನೂ ಕೋಣೆಗೆ ಕರೆದರು. ಅವಳು ಹೊರಗೆ ನಿಂತಿದ್ದಳು. ಮರದ ಹಲಗೆಯ ಗೋಡೆ, ಒಳಗಿನ ಒಂದೊಂದು ಮಾತೂ ಕೇಳುತ್ತಿತ್ತು.

"ನೋಡಿ," ಎಂದರು ಅಧ್ಯಕ್ಷರು, "ನಾನು ಪೇಟೆ ಬೀದಿ ಬಿಟ್ಟುಕೊಡ್ತೀನಿ. ಆದ್ರೆ ಜನಕ್ಕೆ ಏನಾದ್ರೂ ಹೇಳಬೇಕಲ್ಲ, ಮೊದಲು ಯಾಕೆ ಕಿತ್ವಿ ಅಂತ. ಕಾರ್ಯದರ್ಶಿ ತಪ್ಪು ಮಾಹಿತಿ ಕೊಟ್ಟು ನಮ್ಮ ದಾರಿ ತಪ್ಪಿಸಿದ್ರು ಅಂತ ಒಂದು ಖಂಡನಾ ನಿರ್ಣಯ ಮಾಡಿ ಮೇಲಿನವರಿಗೆ ಕಳಿಸೋಣ. ಅವರನ್ನ ಎಲ್ಲಿಗಾದ್ರೂ ಎತ್ತಿ ಹಾಕ್ತಾರೆ. ನಿಮಗೂ ಸಮಾಧಾನ, ನನಗೂ ಸಮಾಧಾನ."

"ಇದಕ್ಕಿಂತ ಇನ್ನೇನು ಬೇಕಜ್ಜ," ಎಂದ ಗಿರಣಿಯವನು. "ರಸ್ತೇನೂ ಬರುತ್ತೆ, ಸೇಡೂ ತೀರುತ್ತೆ."

ಮಾವ ಒಪ್ಪುತ್ತಾರೆ ಎನ್ನುವುದರಲ್ಲಿ ಹೊರಗಿದ್ದ ಅವಳಿಗೆ ಅನುಮಾನವೇ ಇರಲಿಲ್ಲ. ಯಾವ ಊರಿಗೆ ವರ್ಗ ಮಾಡಬಹುದು, ಗಂಡ ಬರುತ್ತಾನೋ ಇಲ್ಲವೋ ಎಂದು ಆಗಲೇ ಲೆಕ್ಕ ಹಾಕತೊಡಗಿದ್ದಳು.

ಒಳಗೆ ಮಾವ, "ಅವಳು ಏನು ತಪ್ಪು ಮಾಹಿತಿ ಕೊಟ್ಳು?" ಎಂದರು.

"ಅದು ಸುಮ್ನೆ ಹಾಗೆ ಬರೆಯೋದು."

"ಅವಳು ಮಾಡಿದ್ದು ಕೆಟ್ಟ ಕೆಲಸ. ಸುಳ್ಳು ಹೇಳಿಲ್ಲ. ಕೈ ಎತ್ತಿದೋರು ನೀವು."

"ಅಜ್ಜ, ಮನೆಯೋಳು ಅಂತ ಕರುಳು ಚುರುಕ್ ಅಂತಾ?" ಗಿರಣಿಯವನ ದನಿಯಲ್ಲಿ ವ್ಯಂಗ್ಯವಿತ್ತು.

"ಕರುಳೂ ಇಲ್ಲ, ಪಿತ್ತವೂ ಇಲ್ಲ. ಅವಳ ಮೇಲಿನ ಸಿಟ್ಟು ನಂದು. ಅದನ್ನ ನಿಮಗೆ ಬಾಡಿಗೆಗೆ ಕೊಡಲ್ಲ."

"ಹಾಗಾದ್ರೆ ರಸ್ತೆ ಇಲ್ಲ," ಎಂದರು ಅಧ್ಯಕ್ಷರು.

"ಇಲ್ಲದಿದ್ರೆ ಇಲ್ಲ."

ಸಭೆ ಮತ್ತೆ ಸೇರಿತು. ಅಧ್ಯಕ್ಷರು ಖಂಡನಾ ನಿರ್ಣಯ ತರಲಿಲ್ಲ. ಮಾವನ ಡಾಂಬರು ನಿರ್ಣಯಕ್ಕೆ ಕೈ ಎತ್ತುವ ಹೊತ್ತಿಗೆ ಮಾವನ ಕಡೆಯವರಲ್ಲೇ ಇಬ್ಬರು ಕೈ ಎತ್ತದೆ ಕಿಟಕಿಯಾಚೆ ನೋಡುತ್ತಾ ಕೂತರು. ನಿರ್ಣಯ ಬಿದ್ದುಹೋಯಿತು. ಅವಳು ಎದ್ದು ಫಲಿತಾಂಶ ಓದಿ ನಡಾವಳಿಯಲ್ಲಿ ಬರೆದುಕೊಂಡಳು.

ಸುದ್ದಿ ಕೆರೆ ರಸ್ತೆಗೆ ಹರಡಿದ್ದು ಗಿರಣಿಯವನ ಬಾಯಿಂದ. ಅಜ್ಜ ಸೊಸೆಗಾಗಿ ರಸ್ತೆಯನ್ನೇ ಬಲಿಕೊಟ್ಟ, ಇಷ್ಟು ದಿನ ಮಾವ-ಸೊಸೆ ಸೇರಿಕೊಂಡು ನಾಟಕ ಆಡಿದರು ಎಂದು ಅವನು ಹೇಳಿದ. ಓಟು ಹಾಕಿದವರೇ ಮನೆಯ ಮುಂದೆ ಬಂದು ಬಾಯಿಗೆ ಬಂದಂತೆ ಬೈದರು. ಬಾಗಿಲಿಗೆ ಯಾರೋ ಕೆಸರಿನ ಮುದ್ದೆ ಎಸೆದು ಓಡಿದರು. ಮಾವ ಒಬ್ಬರಿಗೂ ಸಮಜಾಯಿಷಿ ಕೊಡಲಿಲ್ಲ. ಬಾಗಿಲು ತೊಳೆಯಲು ಬಕೆಟ್ಟು ತಂದಾಗ ಅವಳೂ ಪೊರಕೆ ಹಿಡಿದು ಬಂದಳು.

"ಕೋಣೇಲಿ ಆಡಿದ ಮಾತು ನನಗೆ ಕೇಳಿಸ್ತು ಮಾವ," ಎಂದಳು. "ದೊಡ್ಡ ಉಪಕಾರ ಆಯ್ತು."

ಮಾವ ನೀರನ್ನು ಬಾಗಿಲಿಗೆ ರಪ್ಪನೆ ಎರಚಿದರು. ಅರ್ಧ ಅವಳ ಸೀರೆಗೆ ಸಿಡಿಯಿತು.

"ನಿನಗೋಸ್ಕರ ಅಲ್ಲ," ಎಂದರು ನೇರವಾಗಿ ಅವಳನ್ನೇ ನೋಡಿ. "ನಿನ್ನನ್ನ ಆ ಕುರ್ಚಿಯಿಂದ ಇಳಿಸೋದಿದ್ರೆ ನಾನೇ ಇಳಿಸ್ತೀನಿ. ಆ ಮಾತ್ರೆ ಮಾರೋನ ಕೈಲಿ ಇಳಿಸಲ್ಲ."

"ಇಳಿಸಿ. ಅದಕ್ಕೆ ಮೊದಲು ಸಭೆಯ ಮಂಜೂರಾತಿ ಬೇಕು; ಗ್ರೇಡರ್ ಬಿಡಿಭಾಗ ಕೊನೆಗೂ ಸಿಕ್ಕಿದೆ, ದುಡ್ಡು ಕಟ್ಟಬೇಕು. ನೀವು ಕೈ ಎತ್ತಿದ್ರೆ ಮಳೆಗೆ ಮುಂಚೆ ರಸ್ತೆ ಸಮ ಮಾಡಬಹುದು."

"ನಿನ್ನ ಜಲ್ಲಿ ರಸ್ತೆಗೆ ನಾನು ಕೈ ಎತ್ತಬೇಕಾ?"

"ಬೇಡ ಅಂದ್ರೆ ಬೇಡ. ಹೊಂಡದಲ್ಲಿ ಬೀಳೋರು ನಿಮ್ಮ ವಾರ್ಡಿನೋರೇ."

ಮುಂದಿನ ಸಭೆಯಲ್ಲಿ ಮಾವ ಅವಳನ್ನು ಹಿಂದೆಂದಿಗಿಂತ ಹೆಚ್ಚು ಹೊತ್ತು ನಿಲ್ಲಿಸಿದರು. ಬಿಡಿಭಾಗವನ್ನು ಇಷ್ಟು ದಿನ ಯಾಕೆ ತರಿಸಲಿಲ್ಲ ಎಂದು ಕೇಳಿದ್ದನ್ನೇ ಕೇಳಿ, ಅವಳ ಉತ್ತರ ತೃಪ್ತಿಕರವಾಗಿಲ್ಲ ಎಂದು ನಡಾವಳಿಯಲ್ಲಿ ಅವಳ ಕೈಯಿಂದಲೇ ಬರೆಸಿ, ಕಡೆಗೆ ಮಂಜೂರಾತಿಗೆ ಕೈ ಎತ್ತಿದರು. ಅವರ ಒಂದು ಕೈಯಿಂದ ಅದು ಪಾಸಾಯಿತು.

ಮಳೆಗೆ ಮುಂಚೆ ಗ್ರೇಡರ್ ಬಂತು. ರಸ್ತೆ ಸಮವಾಯಿತು. ಧೂಳು ಮಾತ್ರ ಹೋಗಲಿಲ್ಲ. ಆ ರಸ್ತೆಯವರು ಇಬ್ಬರನ್ನೂ ಕ್ಷಮಿಸಲಿಲ್ಲ, ಮುಂದಿನ ಚುನಾವಣೆಯಲ್ಲಿ ಗಿರಣಿಯವನನ್ನೇ ಗೆಲ್ಲಿಸಿದರು. ಅವನ ಕಾಲದಲ್ಲೂ ಡಾಂಬರು ಬರಲಿಲ್ಲ. ಸೋತ ಮೇಲೆ ಮಾವ ಸಭೆಯ ದಿನ ಸಾರ್ವಜನಿಕರ ಬೆಂಚಿನಲ್ಲಿ ಹೋಗಿ ಕೂರತೊಡಗಿದರು. ಅಲ್ಲಿ ಕೂತವರಿಗೆ ಪ್ರಶ್ನೆ ಕೇಳುವ ಹಕ್ಕಿರಲಿಲ್ಲ. ಹಾಗಾಗಿ ಪ್ರಶ್ನೆಗಳನ್ನೆಲ್ಲ ಮನೆಗೆ ತಂದು, ಅವಳು ತಟ್ಟೆಯ ಮುಂದೆ ಕೂತ ಹೊತ್ತಿಗೇ ಒಂದೊಂದಾಗಿ ಕೇಳುವರು. ಅವಳು ಉಣ್ಣುತ್ತಲೇ ಉತ್ತರಿಸುವಳು. ಎದ್ದು ಮಾತ್ರ ನಿಲ್ಲುತ್ತಿರಲಿಲ್ಲ.